ಬಾವಲಿಗಳ ನಿದ್ದೆ ಕಾಯುವ ಲೆಂಪಿ

ಒಂದು ಸಲ ಎಚ್ಚರವಾದರೆ ಎರಡು ತಿಂಗಳ ನಿದ್ದೆಯ ಖರ್ಚು. ಮುಚ್ಚಿಹೋದ ಕೋರ್ಪಿ ಕಬ್ಬಿಣದ ಗಣಿಯ ಬಾವಲಿಗಳ ಲೆಕ್ಕ ಇದು. ಹೆಬ್ಬೆರಳಿನಷ್ಟು ಉದ್ದದ, ಸೊಳ್ಳೆ ಹಿಡಿದು ತಿನ್ನುವ ಈ ಕಂದು ಬಾವಲಿ ಮಾಗಿಯ ಮೊದಲು ಗಣಿಯೊಳಗೆ ಸೇರುವಾಗ ಮೈಮೇಲೆ ಹೊತ್ತಿರುವುದು ಅರ್ಧ ಚಮಚ ಬೆಣ್ಣೆಯಷ್ಟು ಕೊಬ್ಬು. ಮೇ ತಿಂಗಳಲ್ಲಿ ಹುಳುಹುಪ್ಪಟೆ ಏಳುವ ತನಕ ಅದರಲ್ಲೇ ಬದುಕಬೇಕು. ತಲೆಕೆಳಗಾಗಿ ಜೋತುಬಿದ್ದು, ಮೈಯನ್ನು ಬಂಡೆಯಷ್ಟೇ ತಣ್ಣಗೆ ಮಾಡಿಕೊಂಡು ಮಲಗಿಬಿಟ್ಟರೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಖರ್ಚೆಲ್ಲ ಏಳುವುದಕ್ಕೇ. ಎರಡು ಮೂರು ವಾರಕ್ಕೊಮ್ಮೆ ಎದ್ದು ಒಂದು ಗುಟುಕು ನೀರು ಕುಡಿದು ಮತ್ತೆ ಮಲಗಿದರೆ ಆ ಬೆಣ್ಣೆ ಮೇ ತನಕ ಹೇಗೋ ಸಾಲುತ್ತದೆ. ಅದಕ್ಕಿಂತ ಹೆಚ್ಚು ಎದ್ದರೆ ಫೆಬ್ರವರಿಗೇ ಮುಗಿಯುತ್ತದೆ. ಫೆಬ್ರವರಿಯಲ್ಲಿ ಹೊರಗೆ ಹಿಮ ಬಿಟ್ಟರೆ ತಿನ್ನಲು ಏನೂ ಇರುವುದಿಲ್ಲ.

ಆ ಹೆಚ್ಚಿನ ಎಚ್ಚರ ಬಾರದಂತೆ ನೋಡಿಕೊಳ್ಳುವುದು ಲೆಂಪಿ ಹಾಪಲ ಅವರ ಕೆಲಸ.

ಕಳೆದ ಡಿಸೆಂಬರಿನ ಒಂದು ದಿನ, ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಅರವತ್ತಮೂರರ ಲೆಂಪಿ ರಸ್ತೆ ಮುಗಿಯುವಲ್ಲಿ ಗಾಡಿ ನಿಲ್ಲಿಸಿ, ತಾವೇ ತುಳಿದು ಮಾಡಿದ ಹಿಮದ ಕಾಲುದಾರಿ ಹಿಡಿದು ಗುಡ್ಡದ ಬುಡಕ್ಕೆ ಬರುತ್ತಾರೆ. ಗಣಿಯ ಬಾಯಿ ಕಾಣುವ ತಿರುವಿನಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ. ಮೊದಲು ನೋಡುವುದು ಬಾಯಿಯ ಪಕ್ಕದ ದೊಡ್ಡ ಹೆಮ್ಲಾಕ್ ಮರವನ್ನು. ಅದರ ಮೇಲೆ ಕಾಡುಕಾಗೆಗಳು ಕೂತಿದ್ದರೆ ಕೇಡು ಆಗಿದೆಯೆಂದೇ ಲೆಕ್ಕ. ಬಾವಲಿಗಳು ಹೊತ್ತಲ್ಲದ ಹೊತ್ತಿನಲ್ಲಿ ಹೊರಗೆ ಬರುತ್ತಿವೆ ಎಂಬುದು ಈ ಊರಿನಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾಗುವುದು ಕಾಗೆಗಳಿಗೆ.

“ಇವತ್ತು ಮರ ಖಾಲಿ. ಸದ್ಯ,” ಎಂದು ಉಸಿರು ಬಿಡುತ್ತಾರೆ. “ಮರ ಖಾಲಿ ಇದ್ರೆ ಆಮೇಲೆ ಕಾಫಿ ನೆಮ್ಮದಿಯಾಗಿ ಗಂಟಲಲ್ಲಿ ಇಳಿಯುತ್ತೆ. ಇಲ್ದಿದ್ರೆ ಮಧ್ಯಾಹ್ನದ ತನಕ ಅದೇ ಲೋಟ ಕೈಯಲ್ಲೇ ಇರುತ್ತೆ.”

ಗಣಿಯ ಬಾಯಿಗೆ ಎರಡು ತಡೆ. ಒಳಗಿನದು ಅಡ್ಡ ಸರಳಿನ ಕಬ್ಬಿಣದ ಗೇಟು, ಮನುಷ್ಯರು ಹೋಗದಂತೆ. ಹೊರಗಿನದು ಗಣಿಯೊಳಗೆ ಗಾಳಿಯ ಓಟ ತಡೆಯುವ ಹಳೆಯ ಗಾಳಿಬಾಗಿಲು. ಅಂಗೈ ಅಗಲ ದಪ್ಪದ ಹಲಗೆಗಳದ್ದು. ನೆತ್ತಿಯಲ್ಲಿ ಬಾವಲಿ ನುಸುಳುವಷ್ಟು ಒಂದು ಸೀಳು. ಗಣಿಯ ಒಳಗಿನಿಂದ ಗುಡ್ಡದ ಮೇಲ್ಭಾಗಕ್ಕೆ ಕೊರೆದ ಹಳೆಯ ಗಾಳಿಬಾವಿ ಇದೆ. ಕೆಳಗೆ ಬಾಗಿಲು ತೆರೆದರೆ ಹೊರಗಿನ ಚಳಿ ಒಳನುಗ್ಗಿ, ಒಳಗಿನ ಬೆಚ್ಚನೆ ಗಾಳಿ ಆ ಬಾವಿಯಿಂದ ಮೇಲೇರಿ ಹೋಗುತ್ತದೆ. ಮುಚ್ಚಿದರೆ ಗಣಿ ತನ್ನದೇ ಶಾಖದಲ್ಲಿ ಬೆಚ್ಚಗಾಗುತ್ತದೆ. ಎಷ್ಟು ತೆರೆಯಬೇಕು ಎಂಬುದಕ್ಕೆ ಲೆಂಪಿಯವರ ಹತ್ತಿರ ಮೂರು ಬೆಣೆಗಳಿವೆ: ತೆಳ್ಳನೆಯದು, ನಡುವಿನದು, ದಪ್ಪನೆಯದು. ಮೂರಕ್ಕೂ ಹಗ್ಗದ ಕುಣಿಕೆ. ಒಳಗಿನ ಉಷ್ಣತೆಯನ್ನು ತೋರಿಸುವ ಪುಟ್ಟ ಡಬ್ಬಿಯೊಂದು ಚೌಕಟ್ಟಿನ ಹೊರಗಿದೆ. ಅದರಲ್ಲಿ ನಾಲ್ಕು ಡಿಗ್ರಿ ಕಾಣಬೇಕು. ಎಂಟು, ಒಂಬತ್ತಕ್ಕೆ ಏರಿದರೆ ಬಾವಲಿಗಳನ್ನು ಎಬ್ಬಿಸುವ ಬಿಳಿ ಬೂಷ್ಟು ಚೆನ್ನಾಗಿ ಬೆಳೆಯುತ್ತದೆ. ಸೊನ್ನೆಗೆ ಇಳಿದರೆ ಬಾವಲಿಗಳೇ ಹೆಪ್ಪುಗಟ್ಟುತ್ತವೆ. ಹೊರಗೆ ಸೊನ್ನೆಗಿಂತ ಇಪ್ಪತ್ತೈದು ಕೆಳಗಿದ್ದರೆ ತೆಳ್ಳನೆ ಬೆಣೆ; ಹಿಮ ಕರಗುವ ಹವೆ ಬಂದರೆ ಬೆಣೆ ತೆಗೆದು ಬಾಗಿಲು ಮುಚ್ಚುವುದು. ದಿನಾ ಬೆಳಿಗ್ಗೆ ಒಂದು ಸಲ, ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ ಮನೆಗೆ ಹೋಗುವಾಗ ಇನ್ನೊಂದು ಸಲ.

“ಎರಡೂ ಕಡೆ ಸಾವೇ ನಿಂತಿದೆ. ನಾನು ಮಧ್ಯದಲ್ಲಿ ಒಂದು ಮರದ ತುಂಡು ಹಿಡ್ಕೊಂಡು ನಿಂತಿರ್ತೀನಿ,” ಎನ್ನುತ್ತಾರೆ ಲೆಂಪಿ.

ಬಾಗಿಲು ಕಾಯುವುದು ಅವರ ಮನೆಗೆ ಹೊಸ ಕೆಲಸವಲ್ಲ. ಲೆಂಪಿಯವರ ಅಜ್ಜ ಫಿನ್‌ಲೆಂಡಿನಿಂದ ಸಮುದ್ರ ದಾಟಿ ನಮ್ಮೂರಿನ ಈ ದೊಡ್ಡ ಸರೋವರದ ದಂಡೆಗೆ ಬಂದವರೇ ಇದೇ ಗಣಿಯ ಗಾಳಿಬಾಗಿಲಿಗೆ ಕಾವಲಾದರು. ಅದಿರಿನ ಬಂಡಿ ಬಂದಾಗ ತೆರೆಯುವುದು, ಹೋದ ಮೇಲೆ ಮುಚ್ಚುವುದು. ದಿನವೆಲ್ಲ ಕತ್ತಲಲ್ಲಿ ಕೂತು ಇಷ್ಟೇ ಕೆಲಸ. ಅಪ್ಪ ಇದೇ ಗಣಿಯಲ್ಲಿ ಬಂಡೆ ಕೊರೆದರು. ಲೆಂಪಿ ಶಾಲೆಗೆ ಹೋಗುತ್ತಿದ್ದಾಗ ಕಬ್ಬಿಣದ ಬೆಲೆ ಬಿದ್ದು ಗಣಿ ಮುಚ್ಚಿತು. ಗಂಡಸರು ಹೊರಬಂದರು, ಬಾವಲಿಗಳು ಒಳಗೆ ಹೋದವು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಇದ್ದವೆಂದು ಆಗ ಎಣಿಸಿದವರು ಹೇಳುತ್ತಾರೆ. ಮೇ ತಿಂಗಳ ಸಂಜೆ ಗಣಿಯ ಬಾಯಿಂದ ಹೊಗೆಯ ಹಾಗೆ ಏಳುತ್ತಿದ್ದವು.

ಹತ್ತು ವರ್ಷಗಳ ಹಿಂದೆ ಬಿಳಿ ಮೂಗಿನ ರೋಗ ನಮ್ಮ ಕಡೆಗೆ ಬಂತು. ಅದೊಂದು ಬೂಷ್ಟು. ತಣ್ಣನೆಯ, ತೇವದ ಗುಹೆಗಳಲ್ಲಿ ಬೆಳೆಯುತ್ತದೆ; ಮಲಗಿದ ಬಾವಲಿಯ ಮೂಗಿನ ಮೇಲೆ, ರೆಕ್ಕೆಯ ಮೇಲೆ ಹಿಟ್ಟು ಉದುರಿಸಿದಂತೆ ಹರಡುತ್ತದೆ. ಅದು ನೇರವಾಗಿ ಕೊಲ್ಲುವುದಿಲ್ಲ, ಎಬ್ಬಿಸುತ್ತದೆ. ಮೈ ತುರಿಸಿ, ಬಾಯಾರಿ ಬಾವಲಿ ವಾರಕ್ಕೊಮ್ಮೆ ಏಳುತ್ತದೆ. ಕೊಬ್ಬು ಕರಗಿದ ಮೇಲೆ ಹಸಿವು ತಾಳದೆ ಹಾಡುಹಗಲಿನಲ್ಲಿ ಹಿಮದ ಮೇಲೆ ಹಾರುತ್ತದೆ, ಬೀಳುತ್ತದೆ.

“ಮೊದಲು ನೋಡಿದ್ದು ಶಾಲೆ ಮಕ್ಕಳು,” ಲೆಂಪಿ ನೆನೆಯುತ್ತಾರೆ. “ಆಟದ ಬಯಲಲ್ಲಿ ಒಣಗಿದ ಎಲೆ ಬಿದ್ದಿದೆ ಅಂತ ಎತ್ಕೊಂಡು ಬಂದ್ರು. ಜನವರೀಲಿ ಎಲೆ ಎಲ್ಲಿಂದ ಬರ್ಬೇಕು? ನೋಡಿದ್ರೆ ಎಲೆಗೆ ಕಿವಿ ಇದೆ. ಆ ಮಗೂಗೆ ಕೈ ತೊಳಿ ಅಂದೆ. ಅದನ್ನ ಕಾಗದದಲ್ಲಿ ಸುತ್ತಿಟ್ಟೆ.”

ಮೂರು ಚಳಿಗಾಲ ಕಳೆಯುವಷ್ಟರಲ್ಲಿ ಇಪ್ಪತ್ತು ಸಾವಿರ ಹೋಗಿ ಕೆಲವು ನೂರು ಉಳಿದವು. ಆಗ ಗಣಿಗೆ ಬಂದವರು ವನ್ಯಜೀವಿ ಇಲಾಖೆಯ ನೋರೀನ್ ಡೆನೊಮಿ. ಇದೇ ಸರೋವರದ ದಂಡೆಯ ಒಜಿಬ್ವೆ ಮೂಲನಿವಾಸಿ ಜನರ ಹುಡುಗಿ. ಉಳಿದ ಬಾವಲಿಗಳೆಲ್ಲ ಒಂದೇ ಮೂಲೆಯಲ್ಲಿವೆ, ಬಾಗಿಲು ಮುಚ್ಚಿದ್ದಾಗ ಗಾಳಿಬಾವಿಯಿಂದ ಚಳಿ ಇಳಿಯುವ ಅತಿ ತಣ್ಣನೆಯ ಮೂಲೆಯಲ್ಲಿ, ಎಂದು ಕಂಡುಕೊಂಡವರು ನೋರೀನ್. ಚಳಿ ಹೆಚ್ಚಿದ್ದಷ್ಟೂ ಬೂಷ್ಟಿನ ಬೆಳವಣಿಗೆ ನಿಧಾನ, ನಿದ್ದೆ ಆಳ. ಸಾಲದ್ದಕ್ಕೆ ಉಳಿದವುಗಳೆಲ್ಲ ಒಳಗೆ ಹೋಗುವಾಗಲೇ ಬೇರೆಯವಕ್ಕಿಂತ ಕೊಬ್ಬಿದವು. ಇಡೀ ಗಣಿಯನ್ನೇ ಆ ಮೂಲೆಯಷ್ಟು ತಣ್ಣಗೆ ಮಾಡಲು ಸಾಧ್ಯವಿದ್ದಿದ್ದರೆ ಎಂದು ಅವರು ಶಾಲೆಯ ಸಭೆಯಲ್ಲಿ ಹೇಳುತ್ತಿದ್ದಾಗ, ಕಾಫಿ ಹಂಚುತ್ತಿದ್ದ ಲೆಂಪಿ ಹೂಜಿ ಹಿಡಿದೇ ಕೇಳಿದರು: “ಅದಕ್ಕೇನಂತೆ, ಬಾಗಿಲು ಇದೆಯಲ್ಲ?” ಆ ಬಾಗಿಲಿಂದ ಗಣಿಯ ಚಳಿಯನ್ನು ಹಿಡಿತದಲ್ಲಿಡಬಹುದು ಎಂಬುದು ನೋರೀನ್‌ಗೆ ಗೊತ್ತಿರಲಿಲ್ಲ. ಚಳಿಯಿಂದ ಏನಾಗುತ್ತದೆ ಎಂಬುದು ಲೆಂಪಿಗೆ ಗೊತ್ತಿರಲಿಲ್ಲ. ಮುಂದಿನ ಮಾಗಿಯಿಂದ ಇಬ್ಬರೂ ಸೇರಿ ಶುರು ಮಾಡಿದರು. ಲೆಂಪಿಗೆ ಸಿಗುವುದು ಗಾಡಿಯ ಪೆಟ್ರೋಲು ಮಾತ್ರ.

ಆ ಉಳಿದವುಗಳಲ್ಲಿ ಕೆಲವುಗಳ ಮುಂಗೈಗೆ ನೋರೀನ್ ಸಂಖ್ಯೆಯಿರುವ ಸಣ್ಣ ಲೋಹದ ಬಳೆ ತೊಡಿಸಿದ್ದರು, ಗುರುತಿಗೆ. ಅವುಗಳಲ್ಲಿ ಒಂದು ಹೆಣ್ಣು. ಬಳೆ ತೊಟ್ಟ ಚಳಿಗಾಲದಿಂದ ಹೋದ ವರ್ಷದವರೆಗೂ ಅದು ಪ್ರತಿ ಮಾಗಿ ಒಳಗೆ ಹೋಗಿ, ಪ್ರತಿ ಮೇ ಹೊರಗೆ ಬಂದಿದೆ. ಲೆಂಪಿ ಅದಕ್ಕೆ ಅಜ್ಜಿ ಎಂದು ಹೆಸರಿಟ್ಟಿದ್ದಾರೆ. ಈ ಬಾವಲಿಗಳು ವರ್ಷಕ್ಕೆ ಹಾಕುವುದು ಒಂದೇ ಮರಿ. ರೋಗವನ್ನು ಇಷ್ಟು ಸಲ ದಾಟಿದ ಒಂದು ಹೆಣ್ಣು, ಅದರ ಒಂದೊಂದೇ ಮರಿ: ಗಣಿ ಮತ್ತೆ ತುಂಬಬೇಕಾದರೆ ಇಂಥವುಗಳಿಂದಲೇ.

ಮನೆಯಲ್ಲಿ ಗಂಡ ಡ್ವೇನ್‌ಗೆ ಇದೆಲ್ಲ ತಮಾಷೆಯ ಮಾತು. ಅವರು ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುತ್ತಾರೆ. ಬೂಷ್ಟು ಬೂಟಿನ ತಳಕ್ಕೆ ಅಂಟಿ ಒಂದು ಗುಹೆಯಿಂದ ಇನ್ನೊಂದಕ್ಕೆ ಹೋಗುತ್ತದೆ, ಬಿಸಿಗೆ ಸಾಯುತ್ತದೆ. ಹಾಗಾಗಿ ಶನಿವಾರದ ಉಗಿಸ್ನಾನಕ್ಕೆ ಸೌನಾ ಕಾಯಿಸಿದಾಗ ಲೆಂಪಿ ಮೊದಲು ತಮ್ಮ ಗಣಿಯ ಬಟ್ಟೆಗಳನ್ನು ಒಳಗೆ ತೂಗುಹಾಕುತ್ತಾರೆ, ಒಲೆಯ ಪಕ್ಕದ ಕುದಿನೀರಿನ ತೊಟ್ಟಿಯಲ್ಲಿ ಬೂಟು ಮುಳುಗಿಸುತ್ತಾರೆ.

“ನಮ್ಮನೇಲಿ ಮೊದಲ ಸ್ನಾನ ಬೂಟಿಗೆ,” ಎನ್ನುತ್ತಾರೆ ಡ್ವೇನ್. “ಗಂಡ ಬಾಗಿಲಾಚೆ ಟವೆಲ್ ಸುತ್ಕೊಂಡು ಹಿಮದಲ್ಲಿ ನಿಂತಿರ್ಬೇಕು.”

“ನೀನೂ ಬೂಟಿನಷ್ಟು ಸುಮ್ನಿದ್ರೆ ನಿನ್ನನ್ನೇ ಮೊದಲು ಬಿಡ್ತೀನಿ,” ಎನ್ನುತ್ತಾರೆ ಲೆಂಪಿ.

ಈ ಸಲದ ಜನವರಿಯಲ್ಲಿ ತಮಾಷೆ ನಿಂತಿತು.

ಸರೋವರದ ಕಡೆಯಿಂದ ಎದ್ದ ಹಿಮದ ಬಿರುಗಾಳಿ ಐದು ದಿನ ಬಿಡಲಿಲ್ಲ. ಶಾಲೆ ಮುಚ್ಚಿತು, ಡ್ವೇನ್ ಅವರ ಲಾರಿಯೂ ಗ್ಯಾರೇಜು ಸೇರಿತು. ಗಾಳಿ ಎದ್ದ ದಿನ ಬೆಳಿಗ್ಗೆ ಲೆಂಪಿ ತೆಳ್ಳನೆ ಬೆಣೆ ಕೊಟ್ಟು, ಬಾಗಿಲನ್ನು ಎರಡು ಸಲ ಅಲ್ಲಾಡಿಸಿ ನೋಡಿ ಬಂದಿದ್ದರು. ಸಂಜೆಗಾಗಲೇ ಗಾಳಿ ಎದ್ದಿತ್ತು, ಹೋಗಲು ಆಗಲಿಲ್ಲ. ಮನೆಯಲ್ಲಿ ಕೂತು, ಬೆಣೆ ಇದೆ, ಬಾಗಿಲು ಭದ್ರ, ಹೊರಗಿನ ಚಳಿ ಒಂದೇ ಸಮ ಇದೆ, ಏನೂ ಆಗುವುದಿಲ್ಲ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ದಾರಿ ಬಿಟ್ಟ ದಿನ ಬೆಳಗಿನಲ್ಲೇ ಹೊರಟರು. ತಿರುವಿನಲ್ಲಿ ನಿಂತರು. ಹೆಮ್ಲಾಕ್ ಮರ ಕಾಗೆಗಳಿಂದ ಕಪ್ಪಾಗಿತ್ತು.

“ಒಂದು ಕಾಗೆನೂ ಕೂಗ್ತಿರ್ಲಿಲ್ಲ. ಅದೇ ನನಗೆ ಹೆದರಿಕೆ. ಹೊಟ್ಟೆ ತುಂಬಿದ ಕಾಗೆ ಕೂಗಲ್ಲ.”

ಗಣಿಯ ಮುಂದಿನ ಹಿಮದ ಮೇಲೆ ಬಾವಲಿಗಳು ಚೆಲ್ಲಾಡಿದ್ದವು. ಕೆಲವು ಸತ್ತು ಸೆಟೆದುಕೊಂಡಿದ್ದವು. ಕೆಲವು ಇನ್ನೂ ರೆಕ್ಕೆಯ ಗೆಣ್ಣು ಊರಿ ತೆವಳುತ್ತಿದ್ದವು, ಮೂಗಿನ ಮೇಲೆ ಬಿಳಿ ಪುಡಿ. ಲೆಂಪಿ ಮಂಡಿಯೂರಿ ಒಂದೊಂದನ್ನೇ ಎತ್ತಿ ಮುಂಗೈ ತಿರುಗಿಸಿ ನೋಡಿದರು. ಬಳೆ ಇಲ್ಲ. ಇದಕ್ಕೂ ಇಲ್ಲ. ಮತ್ತೊಂದಕ್ಕೂ ಇಲ್ಲ. ಕಾಗೆಗಳು ಈಗಾಗಲೇ ತಿಂದವುಗಳ ಕೈ ನೋಡುವವರಾರು?

ತಲೆಯೆತ್ತಿದಾಗ ಬಾಗಿಲು ಕಂಡಿತು. ಮುಚ್ಚಿತ್ತು. ಡಬ್ಬಿಯಲ್ಲಿ ಒಂಬತ್ತು ಡಿಗ್ರಿ.

ಆ ಕ್ಷಣದಲ್ಲಿ ಯಾರಿಗಾದರೂ ಬಾಗಿಲನ್ನು ಪೂರ್ತಿ ಎಳೆದು ತೆರೆಯಬೇಕೆನಿಸುತ್ತದೆ. ಹಾಗೆ ಮಾಡಿದ್ದರೆ ಹೊರಗಿನ ಕೊರೆಯುವ ಗಾಳಿ ಒಮ್ಮೆಲೇ ನುಗ್ಗಿ, ಎಚ್ಚರವಾದವು, ಮಲಗಿದವು ಎಲ್ಲವನ್ನೂ ಮುಗಿಸುತ್ತಿತ್ತು. ಲೆಂಪಿ ತೆಳ್ಳನೆ ಬೆಣೆಯನ್ನೇ ಕೊಟ್ಟರು. ಇಡೀ ಹಗಲು ಅಲ್ಲೇ ಕೂತು, ಕಾಗೆಗಳಿಗೆ ಹಿಮದ ಉಂಡೆ ಎಸೆಯುತ್ತ, ಡಬ್ಬಿಯ ಅಂಕಿ ಚೂರುಚೂರೇ ಇಳಿಯುವುದನ್ನು ಕಾದರು. ಹಿಮದ ಮೇಲೆ ತೆವಳುತ್ತಿದ್ದವನ್ನು ಕೈಯಲ್ಲಿ ಬೆಚ್ಚಗೆ ಹಿಡಿಯಲೂ ಧೈರ್ಯವಾಗಲಿಲ್ಲ. ಬೆಚ್ಚಗಾದರೆ ಉಳಿದಿರುವ ಚೂರು ಕೊಬ್ಬೂ ಕರಗುತ್ತದೆ. ಅಂಥವನ್ನು ಒಂದು ಹಲಗೆ ಪೆಟ್ಟಿಗೆಗೆ ಆಯ್ದುಕೊಂಡು, ಬಾಗಿಲ ಸಂದಿನಿಂದ ಕೈ ಹಾಕಿ ಒಂದೊಂದನ್ನೇ ಒಳಗೋಡೆಗೆ ಜೋತುಬಿಟ್ಟರು. ಎಷ್ಟು ಉಳಿದವೋ ಗೊತ್ತಿಲ್ಲ.

ಬಾಗಿಲು ಮುಚ್ಚಿದವರು ಯಾರು ಎಂದು ಅವರು ಹೆಚ್ಚು ಯೋಚಿಸಬೇಕಾಗಲಿಲ್ಲ. ಬೆಣೆ ಚೌಕಟ್ಟಿನ ಮೊಳೆಗೆ ನೇತಾಡುತ್ತಿತ್ತು, ಕುಣಿಕೆ ನೇರವಾಗಿ ಹಾಕಿ. ಪುಂಡ ಹುಡುಗರಾಗಿದ್ದರೆ ಬೆಣೆಯನ್ನು ಹಿಮಕ್ಕೆ ಎಸೆದು ಹೋಗುತ್ತಿದ್ದರು. ಗಾಳಿಬಾಗಿಲು ಮುಚ್ಚಿ ಬೆಣೆಯನ್ನು ಮೊಳೆಗೆ ಹಾಕುವುದು ಗಣಿಯಲ್ಲಿ ದುಡಿದವರ ಕ್ರಮ. ಆ ಕ್ರಮ ಕಲಿತವರಲ್ಲಿ ಹಿಮದಲ್ಲಿ ಇಷ್ಟು ದೂರ ನಡೆಯಬಲ್ಲವರು ಒಬ್ಬರೇ ಉಳಿದಿದ್ದಾರೆ. ಎಂಬತ್ತಾರರ ಆರ್ವೊ ಕಂಗಸ್. ಲೆಂಪಿಯವರ ಅಪ್ಪನ ಜೋಡಿಯಾಗಿ ಬಂಡೆ ಕೊರೆದವರು. ಲೆಂಪಿಗೆ ಚಿಕ್ಕಂದಿನಿಂದ ಚಿಕ್ಕಪ್ಪ.

ಮರುದಿನ ಲೆಂಪಿ ಏಲಕ್ಕಿ ಹಾಕಿದ ಬ್ರೆಡ್ ತೆಗೆದುಕೊಂಡು ಆರ್ವೊ ಅವರ ಅಡುಗೆಮನೆಗೆ ಹೋದರು. ಅಲ್ಲಿ ನಡೆದ ಮಾತನ್ನು ಇಬ್ಬರೂ ಒಂದೇ ಥರ ಹೇಳುತ್ತಾರೆ.

“ಚಿಕ್ಕಪ್ಪ, ಬಿರುಗಾಳಿಗೆ ಮುಂಚೆ ಗಣಿ ಕಡೆ ಹೋಗಿದ್ಯಾ?”

“ಹೋಗಿದ್ದೆ. ಮೊಲದ ಉರುಳು ನೋಡ್ಕೊಂಡು ಬರೋಣ ಅಂತ. ನೀನು ಬಾಗಿಲು ಕಾಯೋದು ಇದೇ ಏನೇ? ಗಾಳಿಬಾಗಿಲು ಬಾಯ್ಬಿಟ್ಕೊಂಡಿತ್ತು. ಬೆಣೆ ಕಿತ್ತು ಮೊಳೆಗೆ ಹಾಕಿ, ಭುಜ ಕೊಟ್ಟು ಮುಚ್ಚಿ ಬಂದೆ. ನಿಮ್ಮಪ್ಪ ಇದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ದ.”

“ಅದು ನಾನೇ ತೆರೆದಿಟ್ಟಿದ್ದು, ಚಿಕ್ಕಪ್ಪ.”

“ನೀನಾ? ಗಾಳಿಬಾಗಿಲನ್ನಾ? ಬೇಕು ಅಂತಾನಾ? ಕಾಯೋದು ಅಂದ್ರೆ ಮುಚ್ಚಿಡೋದು ಅಂದ್ಕೊಂಡಿದ್ದೆ.”

ಲೆಂಪಿ ಎಲ್ಲವನ್ನೂ ಹೇಳಿದರು. ಚಳಿ, ಬೂಷ್ಟು, ಹಿಮದ ಮೇಲೆ ಬಿದ್ದದ್ದು. ಆರ್ವೊ ಬ್ರೆಡ್ಡಿನ ತುಂಡನ್ನು ಕಾಫಿಯಲ್ಲಿ ಅದ್ದಿ ಹಾಗೇ ಹಿಡಿದುಕೊಂಡಿದ್ದರು. ಅದು ನೆಂದು ಲೋಟಕ್ಕೆ ಬಿತ್ತು.

“ಹುಡುಗಿ,” ಎಂದರು. “ನಮ್ಮಣ್ಣ ಸುಲೊ ಹೇಗೆ ಹೋದ ಅಂತ ನಿನಗೆ ಗೊತ್ತಲ್ಲ. ಕೆಳಗೆ ಮರದ ಕಂಬಕ್ಕೆ ಬೆಂಕಿ ಬಿತ್ತು. ಯಾವನೋ ಗಾಳಿಬಾಗಿಲು ತೆರೆದು ಬಿಟ್ಟಿದ್ದ. ಹೊಗೆ ನೇರ ಅವನಿದ್ದ ಕಡೆ ಹೋಯ್ತು. ಅವತ್ತಿಂದ ತೆರೆದ ಬಾಗಿಲು ಕಂಡ್ರೆ ನನ್ನ ಕೈ ನನ್ನ ಮಾತು ಕೇಳಲ್ಲ. ಅಂಗಡಿ ಬಾಗಿಲು ತೆರೆದಿದ್ರೂ ಎದ್ದು ಹೋಗಿ ಮುಚ್ತೀನಿ. ಎಷ್ಟು ಸತ್ತವು?”

“ಹೊರಗೆ ಕಂಡಿದ್ದು ಐವತ್ತರ ಮೇಲೆ. ಕಾಗೆ ತಿಂದಿದ್ದು ಬೇರೆ. ಒಳಗಿನ ಲೆಕ್ಕ ಗೊತ್ತಿಲ್ಲ.”

“ನಡಿ ಮತ್ತೆ, ಒಳಗೆ ಹೋಗಿ ನೋಡೋಣ.”

“ಹೋಗೋ ಹಾಗಿಲ್ಲ. ಬೆಳಕು ಬಿದ್ರೆ, ಉಸಿರು ತಾಗಿದ್ರೆ ಉಳಿದವೂ ಏಳ್ತವೆ. ಮೇ ತನಕ ಕಾಯ್ಬೇಕು.”

“ಮೇ ತನಕ ಗೊತ್ತೇ ಆಗಲ್ವಾ? ನನಗೆ ಎಂಬತ್ತಾರು ಕಣೇ.”

“ಹಾಗಾದ್ರೆ ಮೇ ತನಕ ಇರು, ಚಿಕ್ಕಪ್ಪ. ಸುಮ್ನೆ ಹೋಗಿಬಿಡ್ಬೇಡ.”

ಆ ಮುದುಕರಿಗೆ ಹೇಳದೆಯೇ ಇರಬಹುದಿತ್ತಲ್ಲ ಎಂದು ಊರಿನಲ್ಲಿ ಕೆಲವರು ಲೆಂಪಿಯನ್ನು ಆಡಿಕೊಂಡದ್ದುಂಟು. ಅವರದು ನೇರ ಉತ್ತರ: “ಹೇಳ್ದೆ ಇದ್ದಿದ್ರೆ ಮುಂದಿನ ವಾರ ಮತ್ತೆ ಹೋಗಿ ಮುಚ್ತಿದ್ದ. ಅವನ ಮನಸ್ಸು ನೋಯುತ್ತೆ ಅಂತ ನಾನು ಬಾಯಿ ಮುಚ್ಕೊಂಡ್ರೆ ಗಣಿ ಖಾಲಿ ಆಗುತ್ತೆ. ಬ್ರೆಡ್ ತಗೊಂಡು ಹೋಗಿದ್ದೆನಲ್ಲ, ಇನ್ನೇನ್ ಮಾಡ್ಬೇಕಿತ್ತು?”

ಆಮೇಲಿನ ತಿಂಗಳುಗಳು ಹೆದರಿಕೆಯಲ್ಲೇ ಹೋದವು. ಐದು ದಿನದ ಆ ಬೆಚ್ಚನೆಗೆ ಗಣಿಯಲ್ಲಿದ್ದ ಒಂದೊಂದು ಬಾವಲಿ ಎಷ್ಟು ಸಲ ಎದ್ದಿತು, ಬೆಣ್ಣೆಯಲ್ಲಿ ಎಷ್ಟು ಉಳಿದಿದೆ? ಫೆಬ್ರವರಿಯಲ್ಲಿ ಎರಡು ಸಲ ಹಿಮ ಕರಗುವ ಹವೆ ಬಂತು. ಲೆಂಪಿ ಬೆಣೆ ತೆಗೆದು ಬಾಗಿಲು ಮುಚ್ಚಿ, ಮುಚ್ಚಿದ ಬಾಗಿಲಿಗೆ ಕಿವಿಯಿಟ್ಟು ನಿಲ್ಲುತ್ತಿದ್ದರು. ಒಳಗೆ ಹನಿ ತೊಟ್ಟಿಕ್ಕುವ ಸದ್ದು. ನಡುವೆ ಒಮ್ಮೊಮ್ಮೆ ಒಣ ಕಾಗದ ಸರಿದಂಥ ಸದ್ದು. ಅದು ರೆಕ್ಕೆಯೋ, ಗಾಳಿಯೋ, ತಮ್ಮದೇ ಟೋಪಿ ಹಲಗೆಗೆ ಉಜ್ಜಿದ್ದೋ ಎಂದು ತಿಳಿಯದೆ ಉಸಿರು ಬಿಗಿಹಿಡಿಯುತ್ತಿದ್ದರು. ಶಾಲೆಯಲ್ಲಿ ಎರಡು ದಿನ ಸೂಪಿಗೆ ಉಪ್ಪು ಹಾಕುವುದು ಮರೆತರು. ಮಕ್ಕಳು ಹೇಳಿದ ಮೇಲೆ ಗೊತ್ತಾಯಿತು.

ಒಳಗಿನ ಗೇಟಿನ ಬೀಗದಕೈ ಅವರ ಹತ್ತಿರವೇ ಇತ್ತು. ತಣ್ಣನೆಯ ಮೂಲೆಗೆ ಹೋಗಿ ಅಜ್ಜಿ ಇದ್ದಾಳೋ ಇಲ್ಲವೋ ನೋಡಿ ಬರಲು ಹೆಚ್ಚು ಹೊತ್ತು ಬೇಡ. ನೋರೀನ್‌ಗೆ ಫೋನ್ ಮಾಡಿದರು.

“ಒಂದೇ ಒಂದು ಸಲ. ಕೆಂಪು ಬಟ್ಟೆ ಸುತ್ತಿದ ದೀಪದಲ್ಲಿ. ಉಸಿರೂ ಬಿಡಲ್ಲ.”

“ಲೆಂಪಿ, ನೀವು ನೋಡಿದ್ರೆ ನಿಮಗೆ ನೆಮ್ಮದಿ ಆಗುತ್ತೆ. ಅದರ ಖರ್ಚು ಅವು ಕೊಡ್ಬೇಕು,” ಎಂದರು ನೋರೀನ್. “ನನಗೂ ನಿದ್ದೆ ಬರ್ತಿಲ್ಲ. ಆದ್ರೂ ಬೇಡ.”

ಆ ಸಂಜೆ ಲೆಂಪಿ ಬೀಗದಕೈಯನ್ನು ಗಂಡನ ಕೈಗೆ ಕೊಟ್ಟರು. “ಎಲ್ಲಾದ್ರೂ ಬಚ್ಚಿಡು. ಎಲ್ಲಿ ಅಂತ ನನಗೆ ಹೇಳ್ಬೇಡ. ಅತ್ತು ಕೇಳಿದ್ರೂ ಹೇಳ್ಬೇಡ.” ಡ್ವೇನ್ ಆ ಸಲ ತಮಾಷೆ ಮಾಡಲಿಲ್ಲ. ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಮತ್ತೆ ಕಾಗೆಗಳು ಮರದ ಮೇಲೆ ಕೂತಿದ್ದವು. ಲೆಂಪಿ ಮನೆಗೆ ಬಂದು ಅಡುಗೆಮನೆಯ ಡಬ್ಬಗಳನ್ನೆಲ್ಲ ತಡಕಾಡಿದರು. ಬೀಗದಕೈ ಸಿಗಲಿಲ್ಲ. ಅದು ಚಳಿಗಾಲವೆಲ್ಲ ಲಾರಿಯ ಕನ್ನಡಿಗೆ ನೇತಾಡುತ್ತ ಊರು ಸುತ್ತುತ್ತಿತ್ತು.

ಇನ್ನು ಆರ್ವೊ. ಹವೆ ಸರಿಯಿದ್ದ ದಿನವೆಲ್ಲ ಅವರು ಮಧ್ಯಾಹ್ನ ಗಣಿಯ ಬಾಯಿಗೆ ಬಂದು, ಮಗುಚಿದ ಬಕೆಟ್ ಮೇಲೆ ಜಿಂಕೆಚರ್ಮ ಹಾಸಿ ಕೂರತೊಡಗಿದರು. ಕಾಗೆ ಓಡಿಸುವುದು ಅವರ ಕೆಲಸ. ಬಾಗಿಲಿಗೆ ಬೆನ್ನು ತಿರುಗಿಸಿ ಕೂರುತ್ತಿದ್ದರು.

“ಮುಖ ಮಾಡಿ ಕೂತ್ರೆ ಆ ಸಂದು ಕಾಣುತ್ತೆ. ಎದ್ದು ಮುಚ್ಚಿಬಿಡ್ತೀನೇನೋ ಅಂತ ನನಗೇ ಭಯ,” ಎನ್ನುತ್ತಾರೆ.

ಮುದುಕರು ಚಳಿಗೆ ಸೆಡೆತು ಕೂತಲ್ಲೇ ಹೋಗಿಬಿಟ್ಟಾರೆಂದು ಲೆಂಪಿಗೆ ಇನ್ನೊಂದು ಹೆದರಿಕೆ ಸೇರಿಕೊಂಡಿತು. ಶಾಲೆಯಿಂದ ಬರುವಾಗ ಬಿಸಿ ಪ್ಯಾಸ್ಟಿ ಕಟ್ಟಿಕೊಂಡು ಬರುತ್ತಿದ್ದರು, ಮಾಂಸ, ಗೆಡ್ಡೆ ತುಂಬಿ ಬೇಯಿಸಿದ ಹಿಟ್ಟಿನ ಕಡುಬು. ಆರ್ವೊ ಅದನ್ನು ಮೊದಲು ಕೋಟಿನೊಳಗೆ ಎದೆಗೆ ಒತ್ತಿಟ್ಟುಕೊಂಡು, ಆಮೇಲೆ ತಿನ್ನುತ್ತಿದ್ದರು.

ಮೇ ಬಂತು. ಹಿಮ ಕರಗಿ ಕಾಲುದಾರಿ ಕೆಸರಾಯಿತು, ಸೊಳ್ಳೆ ಎದ್ದವು. ಬಾವಲಿಗಳು ಹೊರಡುವ ಸಂಜೆಗಳಲ್ಲಿ ನೋರೀನ್ ಸೀಳಿನ ಮುಂದೆ ಸಣ್ಣ ತಂತಿಗಳ ಬಲೆ ಕಟ್ಟಿದರು. ಹೊರಬಂದದ್ದು ತಂತಿಗೆ ತಾಗಿ ಕೆಳಗಿನ ಬಟ್ಟೆಚೀಲಕ್ಕೆ ಜಾರುತ್ತದೆ. ತೂಗಿ, ರೆಕ್ಕೆ ನೋಡಿ, ಬಿಡುವುದು. ಲೆಂಪಿ ಕೈಗವಸು ತೊಟ್ಟು ಒಂದೊಂದನ್ನೇ ಎತ್ತಿ ಕೊಡುತ್ತಿದ್ದರು. ಆರ್ವೊ ದೀಪ ಹಿಡಿದಿದ್ದರು. ಡ್ವೇನ್ ಗೆರೆ ಹಾಕಿ ಎಣಿಸುತ್ತಿದ್ದರು.

ಮೊದಲ ಸಂಜೆ ಬಂದವು ಕಡಿಮೆ. ಎರಡನೆಯ ಸಂಜೆ ಅದಕ್ಕಿಂತ ಕಡಿಮೆ. ಮನೆಗೆ ಮರಳುವ ದಾರಿಯುದ್ದಕ್ಕೂ ಆರ್ವೊ ಗಾಡಿಯ ಕಿಟಕಿಯಾಚೆ ನೋಡುತ್ತಿದ್ದರು. ಮೂರನೆಯ ಸಂಜೆ ಹವೆ ಬೆಚ್ಚಗಾಗಿ ಬಾವಲಿಗಳು ಒಂದರ ಹಿಂದೆ ಒಂದು ಬರತೊಡಗಿದವು. ಬಹುಪಾಲು ರೆಕ್ಕೆಗಳಲ್ಲಿ ತೂತು, ತೂತಿನ ಸುತ್ತ ಹೊಸ ಚರ್ಮದ ತಿಳಿ ಕಲೆ. ಬಳೆ ಇದ್ದವು ಸಿಕ್ಕಾಗ ಬಳೆಯ ಮೇಲಿನ ಸಂಖ್ಯೆಯನ್ನು ನೋರೀನ್ ಕೆಲಸದ ಧಾಟಿಯಲ್ಲಿ ಓದಿ ಹೇಳುತ್ತ ಹೋದರು. ಒಂದನ್ನು ಓದಿದರು. ಮುಂದಿನದಕ್ಕೆ ಕೈ ಚಾಚಿದರು.

“ಇನ್ನೊಂದು ಸಲ ಓದು,” ಎಂದರು ಲೆಂಪಿ.

ನೋರೀನ್ ದೀಪದ ಹತ್ತಿರಕ್ಕೆ ಹಿಡಿದು ಓದಿದರು. ಅದೇ ಸಂಖ್ಯೆ. ಮಾಗಿಯಲ್ಲಿ ಹತ್ತು ಗ್ರಾಂ ತೂಗಿದ್ದ ಅಜ್ಜಿ ಈಗ ಆರಕ್ಕೆ ತುಸು ಮೇಲಿದ್ದಳು. ಎಡರೆಕ್ಕೆಯ ಅಂಚು ಹರಿದಿತ್ತು. ಲೆಂಪಿಯ ಕೈಗವಸನ್ನು ಬಲವಾಗಿ ಕಚ್ಚಿದಳು.

“ಕಚ್ಚು, ಕಚ್ಚು,” ಎಂದರು ಲೆಂಪಿ. “ಕಚ್ಚೋಕೆ ಶಕ್ತಿ ಇದೆಯಲ್ಲ.”

ಆರ್ವೊ ಕೈಲಿದ್ದ ದೀಪ ಮರೆತು ಬಳೆ ನೋಡಲು ಬಗ್ಗಿದರು. “ಚಿಕ್ಕಪ್ಪ, ಬೆಳಕು ಸರಿಯಾಗಿ ಹಿಡಿ,” ಎಂದು ಲೆಂಪಿ ಗದರಿಸಿದರು. ಅಂಗೈ ಬಿಚ್ಚಿದರು. ಅಜ್ಜಿ ಒಂದು ಸುತ್ತು ಕೆಳಗೆ ಜಾರಿ, ಸಾವರಿಸಿಕೊಂಡು, ಹೆಮ್ಲಾಕ್ ಮರದ ಮೇಲೆ ಹಾದು ಸರೋವರದ ಕಡೆ ಹೋದಳು.

ರೋಗ ಮುಗಿಯಿತೆಂದು ಯಾರೂ ತಿಳಿಯಬಾರದು. “ಬೂಷ್ಟು ಗೋಡೆಯಲ್ಲೇ ಇದೆ, ಮುಂದಿನ ಮಾಗಿಗೂ ಇರುತ್ತೆ,” ಎನ್ನುತ್ತಾರೆ ನೋರೀನ್. “ಕೊಬ್ಬಿದವು, ಚಳಿಗೆ ಅಂಟಿಕೊಂಡವು, ಸುಮ್ಮನೆ ಮಲಗಿದವು ಉಳೀತಿವೆ. ಅವುಗಳ ಮರಿಗಳೂ ಹಾಗೇ ಇವೆ ಅಂತ ಕಾಣುತ್ತೆ. ಗಟ್ಟಿಯಾಗಿ ಹೇಳೋಕೆ ನನಗಿನ್ನೂ ಹೆದರಿಕೆ.”

ಎಣಿಕೆ ಮುಗಿದ ಮಾರನೆಯ ಬೆಳಿಗ್ಗೆ ಆರ್ವೊ ಡ್ವೇನ್ ಅವರಿಂದ ಮೊಳೆ ಕೀಳುವ ಸುತ್ತಿಗೆ ಕೇಳಿ ತಂದರು. ಗಾಳಿಬಾಗಿಲ ಚೌಕಟ್ಟಿನ ಮುಂದೆ ನಿಂತು, ಬೆಣೆ ತೂಗುಹಾಕುವ ಆ ಹಳೆಯ ಮೊಳೆಯನ್ನು ಸುತ್ತಿಗೆಯ ಕವೆಗೆ ಸಿಕ್ಕಿಸಿ ಎಳೆದರು. ಸುಲಭವಾಗಿ ಬರಲಿಲ್ಲ. ಲೆಂಪಿ ಸಹಾಯಕ್ಕೆ ಕೈ ಚಾಚಿದಾಗ “ನೀನು ದೂರ ಇರು” ಎಂದರು. ಕಿತ್ತ ಮೊಳೆಯನ್ನು ಜೇಬಿಗೆ ಹಾಕಿಕೊಂಡರು.

ಲೆಂಪಿಯವರಿಗೆ ಇರುವ ಆಸೆ ದೊಡ್ಡದಲ್ಲ. ಬಾಗಿಲ ಕೆಳಹಲಗೆ ಕೊಳೆತಿದೆ. ಮಾಗಿಗೆ ಮುಂಚೆ ಅದನ್ನು ಬದಲಾಯಿಸಬೇಕು. ಜೊತೆಗೆ ತಾವು ಮಲಗಿದ ದಿನ ಬೆಣೆ ನೋಡಿಕೊಳ್ಳಲು ಊರಿನಲ್ಲಿ ಇನ್ನೊಬ್ಬರು ಕಲಿಯಬೇಕು. “ನನಗೆ ಜ್ವರ ಬಂದ್ರೂ ಚಳಿಗಾಲ ನಿಲ್ಲಲ್ಲವಲ್ಲ,” ಎನ್ನುತ್ತಾರೆ.

ಹೋದ ಮಾಗಿಯಲ್ಲಿ ಒಳಗೆ ಹೋದ ಬಾವಲಿಗಳು ಸುಮಾರು ಆರುನೂರು. ಹೊರಗೆ ಬಂದವು ನಾನೂರಕ್ಕೆ ತುಸು ಹೆಚ್ಚು. ಬಾಗಿಲು ಸರಿಯಿದ್ದ ಚಳಿಗಾಲಗಳಲ್ಲಿ ಸಾಯುತ್ತಿದ್ದುದು ಐವತ್ತರ ಒಳಗೆ. ಮಿಕ್ಕ ಸಾವುಗಳೆಲ್ಲ ಆ ಐದು ದಿನಗಳ ಖರ್ಚು. ಅಜ್ಜಿ ಉಳಿದಿದ್ದಾಳೆ.